ಸ್ವರಲಿಪಿಗೊಂದು ಕುಂಟಾಬಿಲ್ಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಗೀತ ತರಗತಿಗಳಿಗೆ ಬರುವ ಮಕ್ಕಳ ಕಿವಿ ಚುರುಕು. ಹಾಸಣಗಿಯ ಗಣಪತಿ ಭಟ್ಟರಂಥ ಹಿಂದೂಸ್ತಾನಿ ಗಾಯಕರನ್ನು ಕೊಟ್ಟ ನೆಲವಿದು. ಗುರುಗಳು ಎರಡು ಸಲ ಹಾಡಿದರೆ ಸಾಕು, ಮಕ್ಕಳಿಗೆ ಬಾಯಿಪಾಠ. ತೊಡಕೂ ಅಲ್ಲೇ ಇದೆ: ಪುಸ್ತಕ ನೋಡಿ ಹಾಡುತ್ತಿದ್ದಾರೆ ಅನ್ನಿಸುತ್ತದೆ, ನಿಜಕ್ಕೂ ನೆನಪಿನಿಂದ ಹಾಡುತ್ತಿರುತ್ತಾರೆ. ವಾರಕ್ಕೊಂದೋ ಎರಡೋ ಪಾಠವಾಗಿ, ಉಳಿದ ದಿನ ಮನೆಯಲ್ಲಿ ಒಬ್ಬರೇ ಅಭ್ಯಾಸಕ್ಕೆ ಕೂರುವ ಮಗುವಿಗೆ ಸ್ವರಲಿಪಿ ಓದಲು ಬರಲೇಬೇಕು.

ಹಿಂದೂಸ್ತಾನಿ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ವಿಷ್ಣು ನಾರಾಯಣ ಭಾತಖಂಡೆ (1860–1936) ರೂಪಿಸಿದ ಪದ್ಧತಿ. ಗುರುತುಗಳು ಕೆಲವೇ. ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ. ಮಧ್ಯಮದ ಮೇಲೆ ನಿಂತ ಗೆರೆ ಇದ್ದರೆ ತೀವ್ರ. ಚುಕ್ಕೆ ಕೆಳಗಿದ್ದರೆ ಮಂದ್ರ ಸಪ್ತಕ, ಮೇಲಿದ್ದರೆ ತಾರ. ಚಿಕ್ಕ ಮಕ್ಕಳು ಗೆರೆ ಮತ್ತು ಚುಕ್ಕೆಯನ್ನು ಅದಲುಬದಲು ಮಾಡುತ್ತಾರೆ. ಇದಕ್ಕೆ ಮೈಯೇ ಮದ್ದು. ಗುರುತು ಸಹಿತ ಸ್ವರಗಳನ್ನು ಚೀಟಿಗಳಲ್ಲಿ ಬರೆದು ಒಂದೊಂದಾಗಿ ತೋರಿಸಿ. ಕೋಮಲದ ಚೀಟಿ ಕಂಡರೆ ಮಂಡಿ ಬಗ್ಗಿಸಬೇಕು, ತೀವ್ರಕ್ಕೆ ತುದಿಗಾಲು, ಮಂದ್ರಕ್ಕೆ ಅಂಗೈ ನೆಲಕ್ಕೆ, ತಾರಕ್ಕೆ ಕೈ ತಲೆಯ ಮೇಲೆ. ಜೊತೆಗೇ ಆ ಸ್ವರ ಹಾಡಬೇಕು. ಚೀಟಿ ತೋರಿಸುವವರು ಮಾತ್ರ ಬಾಯಿ ಬಿಡಬಾರದು. ಬಿಟ್ಟರೆ ಮತ್ತೆ ಕಿವಿಯದೇ ಕೆಲಸ.

ನಿಜವಾದ ಕಷ್ಟ ಕಾಲದ್ದು. ‘ಗ’ ಬರೆದು ಮುಂದೆ ಎರಡು ಅಡ್ಡಗೀಟು ಹಾಕಿದ್ದರೆ ಅದೇ ಗಾಂಧಾರ ಇನ್ನೂ ಎರಡು ಮಾತ್ರೆ ಮುಂದುವರಿಯಬೇಕು. ಮಕ್ಕಳು ಗೀಟನ್ನು ಹಾರಿಸಿ ಮುಂದಿನ ಸ್ವರಕ್ಕೆ ಓಡುತ್ತಾರೆ.

ಅದಕ್ಕೆ ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟಾಬಿಲ್ಲೆಯ ಹಾಗೆ 16 ಮನೆ ಬರೆಯಿರಿ, ನಾಲ್ಕು ನಾಲ್ಕರ ನಾಲ್ಕು ಸಾಲು. ಇದು ತೀನ್‌ತಾಲ. 1ನೇ ಮನೆಯಲ್ಲಿ ಸಮದ × ಗುರುತು, 5ರಲ್ಲಿ 2, 13ರಲ್ಲಿ 3, ಖಾಲಿ ಬೀಳುವ 9ರಲ್ಲಿ 0. ಮನೆಗೊಬ್ಬರಂತೆ ಮಕ್ಕಳು ಸ್ವರದ ಚೀಟಿ ಹಿಡಿದು ನಿಲ್ಲಲಿ. ಗೀಟಿನ ಚೀಟಿ ಸಿಕ್ಕಿದವನು ಹಿಂದಿನವನ ಕೈ ಹಿಡಿದು ಅವನ ಸ್ವರವನ್ನೇ ಮುಂದುವರಿಸಬೇಕು. ಸ್ವರಗಳ ಕೆಳಗೆ ಕಮಾನು ಇದ್ದರೆ ಇಬ್ಬರಿಗೂ ಒಂದೇ ಮನೆ, ಇಬ್ಬರೂ ಒಂದೇ ಮಾತ್ರೆಯೊಳಗೆ ಹಾಡಿ ಮುಗಿಸಬೇಕು. ಉಳಿದವರು ಕೈಯಲ್ಲಿ ತಾಳ ಹಾಕುವಾಗ ಒಬ್ಬ ಮಾತ್ರೆಗೊಂದು ಹೆಜ್ಜೆಯಿಟ್ಟು ಸಾಲಿನ ಪಕ್ಕದಲ್ಲಿ ನಡೆಯುತ್ತಾನೆ. ಅವನು ಎದುರು ಬಂದಾಗ ಆ ಮನೆ ಹಾಡುತ್ತದೆ. ಮಕ್ಕಳು ಕಡಿಮೆ ಇದ್ದರೆ ಚೀಟಿಗಳನ್ನು ನೆಲದ ಮೇಲಿಟ್ಟು, ಗೀಟಿನ ಮನೆಗಳಿಗೆ ಒಂದೊಂದು ಗೋಟಡಿಕೆ ಇಟ್ಟರಾಯಿತು.

ಆಟ ಕೈಗೂಡಿದ ಮೇಲೆ ಸದ್ದಿಲ್ಲದೆ ಇಬ್ಬರ ಮನೆ ಬದಲಾಯಿಸಿ. ಈಗ ಹೊರಡುವ ಧಾಟಿ ಯಾರೂ ಕೇಳದ್ದು. ನೆನಪು ಕೈಕೊಡುತ್ತದೆ, ಓದಲೇಬೇಕಾಗುತ್ತದೆ. ಇಡೀ ಆಟದಲ್ಲಿ ಹೆಚ್ಚು ಕಲಿಸುವುದು ಈ ಗಳಿಗೆಯೇ. ತಪ್ಪಿದವರನ್ನು ಔಟ್ ಮಾಡಿ ಕೂರಿಸುವುದು ಬೇಡ, ಇನ್ನೂ ಆಡಬೇಕಾದವರು ಅವರೇ.

ಜಿನೀವಾದಲ್ಲಿ ಜಾಕ್-ದಾಲ್‌ಕ್ರೋಜ್ (1865–1950) ಲಯವನ್ನು ನಡಿಗೆಯಲ್ಲಿ ಕಲಿಸಿದರು, ಇಂಗ್ಲೆಂಡಿನ ಜಾನ್ ಕರ್ವೆನ್ ಸ್ವರಕ್ಕೊಂದು ಕೈಸನ್ನೆ ಬಳಸಿದರು. ಬಾಯಲ್ಲಿ ತಾಳ ಹೇಳುತ್ತ ಯಕ್ಷಗಾನದ ಹೆಜ್ಜೆ ಕಲಿಯುವ ನಮ್ಮ ಮಕ್ಕಳಿಗೆ ಹೀಗೆ ಮೈಯಿಂದ ಕಲಿಯುವುದು ಹೊಸದೇನಲ್ಲ.

ಕೋಮಲ, ತೀವ್ರ ಎರಡೂ ಇಲ್ಲದ ಭೂಪಾಲಿಯ ಸರಗಮ್‌ನಿಂದ ಆರಂಭಿಸಿ, ಆಮೇಲೆ ತೀವ್ರ ಮಧ್ಯಮಕ್ಕೆ ಯಮನ್, ಕೋಮಲ ಗಾಂಧಾರ–ನಿಷಾದಕ್ಕೆ ಕಾಫಿ ತರಬಹುದು. ಮೀಂಡ್, ಆಂದೋಲನಗಳನ್ನು ಗುರುಮುಖದಿಂದಲೇ ಕಲಿಯಬೇಕು. ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಪ್ರತಿ ಆಟದ ಕೊನೆಗೆ ಅಂಗಳದ ಮನೆಗಳನ್ನು ಮಕ್ಕಳೇ ಪಟ್ಟಿಗೆ ಇಳಿಸಿಕೊಳ್ಳಲಿ. ಮುಂದಿನ ಪಾಠದಲ್ಲಿ ಆ ಪಟ್ಟಿಗಳನ್ನು ಅದಲುಬದಲು ಮಾಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರಿಂದ ಹಾಡಿಸಿ.