ಚಾರಣಕ್ಕೆ ತಡೆ: ಉದ್ಯಮಕ್ಕೆ ಪರ್ಯಾಯ ದಾರಿ

೨೦೨೪ರ ಜನವರಿ ಅಂತ್ಯದಲ್ಲಿ ಕುಮಾರಪರ್ವತದಲ್ಲಿ ಉಂಟಾದ ಜನದಟ್ಟಣೆಯ ನಂತರ, ಆನ್‌ಲೈನ್ ನೋಂದಣಿಯಿಲ್ಲದ ಅರಣ್ಯ ಚಾರಣಪಥಗಳನ್ನು ರಾಜ್ಯ ಸರ್ಕಾರವು ತಾತ್ಕಾಲಿಕವಾಗಿ ಮುಚ್ಚಿತು. ಇಂತಹ ಆದೇಶ ಹೊರಬಿದ್ದಾಗ ಸಕಲೇಶಪುರ, ಆಲೂರು ತಾಲ್ಲೂಕುಗಳ ಹೋಂಸ್ಟೇ, ಜೀಪು, ಹೋಟೆಲುಗಳ ಆದಾಯ ಕುಗ್ಗುತ್ತದೆ. ಪಡೆದ ಮುಂಗಡವನ್ನೂ ಹಿಂದಿರುಗಿಸಬೇಕಾದೀತು.

ಆದರೆ ಈ ನಷ್ಟ ಅನಿವಾರ್ಯವಲ್ಲ. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯು ಹೆದ್ದಾರಿಯ ಪಕ್ಕದಲ್ಲೇ ಇದೆ. ಮಾಲೀಕರ ಒಪ್ಪಿಗೆ ಪಡೆದು, ಸ್ಥಳೀಯರ ಮಾರ್ಗದರ್ಶನದಲ್ಲಿ ಕಾಫಿ ತೋಟಗಳ ನಡಿಗೆಯನ್ನೂ ಏರ್ಪಡಿಸಬಹುದು. ಕಾಡಾನೆಗಳ ಸಂಚಾರವನ್ನು ವಿಚಾರಿಸದೆ ಮಾತ್ರ ಹೊರಡಕೂಡದು.

ದೋಣಿಗಲ್–ಎಡಕುಮೇರಿ ರೈಲುಹಳಿಯು ಪರ್ಯಾಯವಲ್ಲ. ಅಲ್ಲಿ ನಡೆಯುವುದು ರೈಲ್ವೆ ಕಾಯ್ದೆಯ ೧೪೭ನೇ ಕಲಮಿನಡಿ ಅಪರಾಧ. ಮುಂಗಡ ಪಡೆಯುವಾಗಲೇ ಪರ್ಯಾಯ ಸ್ಥಳವನ್ನು ರಸೀದಿಯಲ್ಲಿ ನಮೂದಿಸುವುದು ಉಭಯತರಿಗೂ ಲೇಸು.