ಮೂವತ್ತು-ನಲವತ್ತರ ಮನೆಯಲ್ಲಿ ದೊಡ್ಡ ಕಾರು

ಬೆಂಗಳೂರಿನ ಮಧ್ಯಮವರ್ಗದ ಗೃಹಸ್ಥರಲ್ಲಿ ಅನೇಕರ ಜೀವಮಾನದ ಸಂಪಾದನೆಯು ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ನಿವೇಶನದಲ್ಲಿ ಅಡಕವಾಗಿರುವುದು ಎಲ್ಲರೂ ಬಲ್ಲ ಸಂಗತಿ. 1945ರಲ್ಲಿ ಏರ್ಪಟ್ಟ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡೂ 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಯ ಮೇಲೆ ಬಡಾವಣೆಯನ್ನು ರಚಿಸುತ್ತ ಹೋದಂತೆ ಈ ಅಳತೆಯು ‘ಥರ್ಟಿ-ಫಾರ್ಟಿ’ ಎಂದು ಜನರ ಬಾಯಲ್ಲಿ ನೆಲೆಸಿಬಿಟ್ಟಿತು. ಆ 1200 ಚದರ ಅಡಿಗಳೊಳಗೆ ವಾಸಕ್ಕೆ ಮನೆ, ಮಹಡಿಯ ಬಾಡಿಗೆದಾರರಿಗೆ ಹೊರಮೆಟ್ಟಿಲು, ನೆಲದಡಿಯಲ್ಲಿ ನೀರಿನ ಸಂಪು, ಬಾಗಿಲೆದುರಿಗೆ ತುಳಸಿ, ಗಾಳಿ ಬೆಳಕುಗಳಿಗಾಗಿ ಬಿಡಬೇಕಾದ ಸೆಟ್‌ಬ್ಯಾಕು, ಇವೆಲ್ಲಕ್ಕೂ ಎಡೆಮಾಡಿಕೊಟ್ಟ ಮೇಲೆ ಮುಂಭಾಗದ ಒಂದು ಪಕ್ಕದಲ್ಲಿ ಉಳಿಯತಕ್ಕ ಎಂಟೋ ಹತ್ತೋ ಅಡಿ ಅಗಲದ ಪಟ್ಟಿಯೇ ಕಾರು ನಿಲ್ಲಬೇಕಾದ ಸ್ಥಳ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ದೊಡ್ಡ ನಿವೇಶನಗಳಲ್ಲಿ ಕಾಂಪೌಂಡಿನ ಹಿಂದಿನ ಮೂಲೆಗೆ ಪ್ರತ್ಯೇಕವಾದೊಂದು ಮೋಟಾರು ಷೆಡ್ಡನ್ನು ಕಟ್ಟಿಸಿಕೊಳ್ಳುವಷ್ಟು ಅವಕಾಶವಿತ್ತು. ಈಚಿನ ಬಡಾವಣೆಗಳ ಮನೆಗಳಿಗೆ ಆ ಭಾಗ್ಯವಿಲ್ಲ.

ಇಷ್ಟು ಕಿರಿದಾದ ಸ್ಥಳವು ಮೊದಲಿನಿಂದಲೂ ಸಾಲದೆ ಹೋದದ್ದೆಂದು ಭಾವಿಸಬಾರದು. ಈ ಮನೆಗಳಲ್ಲಿ ಬಹುಪಾಲು ನಕ್ಷೆಯ ರೂಪ ತಾಳಿದ ಕಾಲದಲ್ಲಿ ಕಾರೆಂದರೆ ಫಿಯಟ್ಟು, ಅಂಬಾಸಡರು. 1983ರ ಡಿಸೆಂಬರಿನ ಮೇಲೆ ಮಾರುತಿ 800. ಮಾರುತಿಯ ಅಗಲ 1.44 ಮೀಟರು, ಎಂದರೆ ನಾಲ್ಕು ಅಡಿ ಒಂಬತ್ತು ಅಂಗುಲದೊಳಗೇ ಮುಗಿಯುತ್ತಿತ್ತು. ಉದ್ದ ಹನ್ನೊಂದು ಅಡಿ. ಮಂತ್ರಿಗಳೂ ಹಿರಿಯ ಅಧಿಕಾರಿಗಳೂ ಕುಳಿತು ಓಡಾಡಿದ ಅಂಬಾಸಡರಿನ ಅಗಲವೇ ಐದೂವರೆ ಅಡಿಗೆ ಒಂದು ಕೂದಲೆಳೆ ಕಡಿಮೆ. ಈಗ ಅದೇ ಗೇಟಿನ ಮುಂದೆ ಬಂದು ನಿಲ್ಲುತ್ತಿರುವ ಟೊಯೊಟಾ ಫಾರ್ಚೂನರಿನ ಅಗಲ 1.855 ಮೀಟರು, ಅರ್ಥಾತ್ ಆರು ಅಡಿ ಒಂದು ಅಂಗುಲ. ಉದ್ದ ಹದಿನೈದು ಅಡಿ ಒಂಬತ್ತು ಅಂಗುಲ. ಮಹೀಂದ್ರ ಸ್ಕಾರ್ಪಿಯೋ-ಎನ್ ಇನ್ನೂ ಎರಡು ಮೂರು ಅಂಗುಲ ಅಗಲ. ಇವು ಪಕ್ಕದ ಕನ್ನಡಿಗಳನ್ನು ಸೇರಿಸದೆ ಹೇಳಿದ ಲೆಕ್ಕಗಳೆಂಬುದನ್ನು ಓದುಗರು ಗಮನಿಸಬೇಕು. ವಾಹನಗಳು ಹೀಗೆ ಮೈತುಂಬಿಕೊಂಡದ್ದು ಕೇವಲ ವೈಭವಕ್ಕಾಗಿಯಲ್ಲ. ಪಕ್ಕದಿಂದ ಡಿಕ್ಕಿ ಹೊಡೆದಾಗ ಒಳಗಿನವರ ಪಕ್ಕೆಲುಬುಗಳನ್ನು ಕಾಯುವುದಕ್ಕೆ ಬಾಗಿಲುಗಳೊಳಗೆ ಉಕ್ಕಿನ ತೊಲೆಯನ್ನು ಕೂರಿಸಿ ಬಾಗಿಲನ್ನೇ ದಪ್ಪಗೊಳಿಸಬೇಕಾಯಿತು. ಈ ಹಿಗ್ಗುವಿಕೆಯ ಹಿಂದಿರುವ ಸದುದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮನೆಯ ಗೋಡೆಗಳು ಕಟ್ಟಿದಲ್ಲಿಯೇ ನಿಂತಿವೆ.

ಕೊಳ್ಳುವವರು ಸಾಮಾನ್ಯವಾಗಿ ಮಾಡುವ ಲೆಕ್ಕವಿಷ್ಟೆ: ಗೇಟು ಹತ್ತು ಅಡಿ, ಕಾರು ಆರು ಅಡಿ, ಧಾರಾಳವಾಗಿ ಹಿಡಿಯುತ್ತದೆ. ಈ ಲೆಕ್ಕದಲ್ಲಿ ಮನುಷ್ಯನು ಬಿಟ್ಟುಹೋಗಿದ್ದಾನೆ. ಹತ್ತು ಅಡಿಯ ಪಟ್ಟಿಯಲ್ಲಿ ಒಂಬತ್ತು ಅಂಗುಲದ ಕಂಬವೊಂದು, ಗೋಡೆಯುದ್ದಕ್ಕೂ ಇಳಿದಿರುವ ನೀರಿನ ಪೈಪುಗಳು, ಕರೆಂಟಿನ ಮೀಟರು ಪೆಟ್ಟಿಗೆ, ಮನೆಬಾಗಿಲಿಗೆ ಹತ್ತುವ ಮೆಟ್ಟಿಲಿನ ಅಂಚು, ಇವುಗಳನ್ನು ಕಳೆದರೆ ನಿಜವಾಗಿ ದೊರೆಯುವುದು ಎಂಟೂವರೆ ಅಡಿ ಮಾತ್ರ ಎಂದಿಟ್ಟುಕೊಳ್ಳೋಣ. ಅದರಲ್ಲಿ ಆರು ಅಡಿ ಒಂದು ಅಂಗುಲವನ್ನು ಕಾರು ಆಕ್ರಮಿಸಿದರೆ ಉಳಿಯುವುದು ಎರಡು ಅಡಿ ಐದು ಅಂಗುಲ. ಕಾರನ್ನು ಅಂದವಾಗಿ ನಡುಮಧ್ಯದಲ್ಲಿ ನಿಲ್ಲಿಸಿದೆವಾದರೆ ಎಡಬಲಗಳೆರಡರಲ್ಲಿಯೂ ಒಂದು ಅಡಿಗಿಂತ ಚೂರು ಹೆಚ್ಚು ತೆರಪು ದೊರೆತು, ಯಾವ ಕಡೆಯಿಂದಲೂ ಯಾರೂ ಇಳಿಯಲಾಗದ ಸ್ಥಿತಿಯು ಒದಗುತ್ತದೆ. ಅದಕ್ಕೆ ಪ್ರತಿಯಾಗಿ ಎಡಮಗ್ಗುಲನ್ನು ಗೋಡೆಗೆ ಐದು ಅಂಗುಲದಷ್ಟು ಹತ್ತಿರಕ್ಕೆ ಸರಿಸಿ, ಆ ಕಡೆಯ ಕನ್ನಡಿಯನ್ನು ಮಡಿಸಿ ನಿಲ್ಲಿಸಿದಲ್ಲಿ, ಚಾಲಕನ ಮಗ್ಗುಲಿನಲ್ಲಿ ಎರಡು ಅಡಿಗಳ ತೆರಪು ಸಿಕ್ಕಿ ಒಬ್ಬ ವಯಸ್ಕನು ಮೈ ಓರೆಮಾಡಿಕೊಂಡು ಇಳಿಯಬಲ್ಲನು. ಮಿಕ್ಕವರು ಗೇಟಿನ ಹೊರಗೇ ಇಳಿದಿರಬೇಕು. ಮಂಡಿನೋವಿನ ಅಜ್ಜಿಯನ್ನು ಮಳೆಗಾಲದ ರಾತ್ರಿಯಲ್ಲಿ ರಸ್ತೆಯ ಕೆಸರಿನಲ್ಲಿ ಇಳಿಸಿ, ಕೈಹಿಡಿದು ಒಳಕ್ಕೆ ಕರೆದೊಯ್ಯುವ ದೃಶ್ಯವು ನಮ್ಮ ಬಡಾವಣೆಗಳಲ್ಲಿ ನಿತ್ಯವಾಗಿದೆ. ಕಾರನ್ನು ಆರಿಸುವ ದಿನ ಆಕೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಚಾಲಕನು ಬಲಗಡೆ ಕೂರುವುದರಿಂದ ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ರಸ್ತೆಯಲ್ಲಿ ನಿಂತು ಮನೆಯ ಕಡೆಗೆ ನೋಡುವವನಿಗೆ ಕಾರಿನ ಪಟ್ಟಿಯು ನಿವೇಶನದ ಎಡಭಾಗಕ್ಕಿದ್ದರೆ, ಮುಂದಾಗಿ ನುಗ್ಗಿಸಿದರೆ ಕಾಂಪೌಂಡು ಗೋಡೆಯು ಕಾರಿನ ಎಡಕ್ಕೇ ಬರುತ್ತದೆ. ಚಾಲಕನು ಮನೆಬಾಗಿಲಿನ ಕಡೆ ಇಳಿಯುತ್ತಾನೆ. ಪಟ್ಟಿಯು ಬಲಭಾಗಕ್ಕಿದ್ದಲ್ಲಿ ಕಾರನ್ನು ಹಿಮ್ಮುಖವಾಗಿಯೇ ಒಳಸೇರಿಸತಕ್ಕದ್ದು. ಹಾಗೆ ಮಾಡದಿದ್ದರೆ ಚಾಲಕನ ಬಾಗಿಲೇ ಗೋಡೆಗೆ ಒತ್ತಿಕೊಂಡು ಅವನು ಪಕ್ಕದ ಸೀಟನ್ನು ದಾಟಿ ಹೊರಬರಬೇಕಾದೀತು.

ಅಗಲದ ಮಾತು ಇಷ್ಟಾಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ಇಕ್ಕಟ್ಟಿನ ನಿಜವಾದ ಬೇರು ಇರುವುದು ತಿರುವಿನಲ್ಲಿಯೇ. ನೇರವಾಗಿ ಬರುವ ಕಾರಿಗೆ ಏಳು ಅಡಿಯ ಗೇಟೂ ಸಾಕು. ರಸ್ತೆಯಿಂದ ಲಂಬಕೋನದಲ್ಲಿ ತಿರುಗಿ ಬರಬೇಕಾದ ಕಾರಿಗೆ ಹತ್ತು ಅಡಿಯೂ ಸಾಲದು. ಮುಂದಿನ ಎರಡು ಚಕ್ರಗಳು ತಿರುವಿನಲ್ಲಿ ಬೇರೆಬೇರೆ ಕೋನಗಳಿಗೆ ಹೊರಳುವಂತೆ ಮಾಡುವ ಏರ್ಪಾಡನ್ನು ಕುದುರೆಗಾಡಿಗಳ ಕಾಲದಲ್ಲಿಯೇ ಮ್ಯೂನಿಕ್ಕಿನ ಗಾಡಿ ತಯಾರಕ ಲ್ಯಾಂಕೆನ್ಸ್‌ಪರ್ಗರ್ ಎಂಬಾತನು ಕಲ್ಪಿಸಿದ್ದನು. 1818ರಲ್ಲಿ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟು ಪಡೆದ ಆ್ಯಕರ್‌ಮನ್ನನ ಹೆಸರೇ ಅದಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಈ ಏರ್ಪಾಡಿನಲ್ಲಿ ಹಿಂದಿನ ಚಕ್ರಗಳು ಹೊರಳುವುದಿಲ್ಲ. ಆದಕಾರಣ ಮುಂದಕ್ಕೆ ತಿರುಗುವಾಗ ಅವು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ಬಿಡದಿಯ ಕಾರ್ಖಾನೆಯಿಂದ ಹೊರಬೀಳುವ ಇನ್ನೋವಾ ಕ್ರಿಸ್ಟಾವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2.75 ಮೀಟರು, ತಿರುಗುವ ತ್ರಿಜ್ಯ 5.4 ಮೀಟರು, ಲಂಬಕೋನ ತ್ರಿಭುಜದ ಲೆಕ್ಕ ಹಾಕಿ ನೋಡಿದಲ್ಲಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಹೊರಬದಿಯ ಹಿಂಚಕ್ರವು ಮುಂಚಕ್ರಕ್ಕಿಂತ ಸುಮಾರು ಎರಡೂವರೆ ಅಡಿ ಒಳಗೆ ಸರಿದು ಉರುಳುತ್ತದೆ. ಮುಂಭಾಗವು ಗೇಟಿನ ಕಂಬವನ್ನು ಸುಖವಾಗಿ ದಾಟಿದ್ದರೂ ಹಿಂಬಾಗಿಲು ಅದೇ ಕಂಬಕ್ಕೆ ಉಜ್ಜಿ ಗೀಚುವುದಕ್ಕೆ ಇದೇ ಕಾರಣ. ನಗರದ ಯಾವ ಬೀದಿಯಲ್ಲಿ ನಡೆದರೂ ಗೇಟಿನ ಕಂಬಗಳ ಒಳಮೂಲೆಯಲ್ಲಿ, ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ, ಗಾರೆ ಹಾರಿ ಇಟ್ಟಿಗೆಯ ಕೆಂಪು ಇಣುಕುತ್ತಿರುವುದನ್ನು ಕಾಣಬಹುದು. ಇಷ್ಟೇ ಅಲ್ಲದೆ, ತಯಾರಕರು ಹೇಳುವ ಆ 5.4 ಮೀಟರು ಚಕ್ರದ ಹಾದಿಯ ಅಳತೆಯಾದ್ದರಿಂದ, ಚಕ್ರಕ್ಕಿಂತ ಮುಂದೆ ಚಾಚಿಕೊಂಡಿರುವ ಬಂಪರಿನ ಮೂಲೆಯು ಇನ್ನೂ ಅರ್ಧ ಮೀಟರಿನಷ್ಟು ಹೊರಗಿನ ವೃತ್ತದಲ್ಲಿ ಸುತ್ತುತ್ತದೆ. ಇಪ್ಪತ್ತು ಅಡಿಯ ರಸ್ತೆಯಲ್ಲಿ, ಎದುರುಮನೆಯವರ ಕಾರೂ ಅಲ್ಲಿಯೇ ನಿಂತಿರುವಾಗ, ಒಂದೇ ತಿರುವಿಗೆ ಒಳಸೇರಿಸುವುದು ಗಣಿತಕ್ಕೇ ಒಪ್ಪದ ಕೆಲಸ.

ಹಿಮ್ಮುಖವಾಗಿ ಸೇರಿಸುವುದು ಶ್ರೇಷ್ಠವೆಂದು ಅನುಭವಸ್ಥ ಚಾಲಕರು ಹೇಳುವುದೂ ಇದೇ ನಿಯಮದ ಫಲ. ಹಿಂದಕ್ಕೆ ಬರುವಾಗ ಹೊರಳದ ಚಕ್ರಗಳು ಮೊದಲು ಇಕ್ಕಟ್ಟನ್ನು ಪ್ರವೇಶಿಸುತ್ತವೆ; ಹೊರಳುವ ಚಕ್ರಗಳು ರಸ್ತೆಯ ವಿಶಾಲದಲ್ಲಿಯೇ ಉಳಿದು, ಹಿಂಭಾಗವನ್ನು ಬೇಕಾದ ದಿಕ್ಕಿಗೆ ಅಂಗುಲ ಅಂಗುಲವಾಗಿ ತಿದ್ದುವುದಕ್ಕೆ ಅವಕಾಶ ಕೊಡುತ್ತವೆ. ಬೆಳಿಗ್ಗೆ ಹೊರಡುವಾಗ ರಸ್ತೆಯನ್ನು ಎದುರಿಗೆ ಕಂಡು ಹೊರಬರಬಹುದೆಂಬುದು ಮತ್ತೊಂದು ಲಾಭ. ಶಾಲೆಗೆ ಹೊರಟ ಮಕ್ಕಳು ಅದೇ ವೇಳೆಯಲ್ಲಿ ಗೇಟಿನ ಮುಂದೆ ಹಾಯುತ್ತಿರುತ್ತಾರೆ.

ಕಾರು ಹಿಂದಕ್ಕೆ ಬರುವಾಗ ಮನೆಯವರೊಬ್ಬರು ಹೊರಬಂದು “ಬರ್ಲಿ, ಬರ್ಲಿ… ಅಪ್ಪಾ, ಸ್ವಲ್ಪ ಎಡಕ್ಕೆ… ಸಾಕು, ಸಾಕು!” ಎಂದು ಕೂಗುವುದು ನಮ್ಮಲ್ಲಿ ರೂಢಿ. ಆದರೆ ಹಾಗೆ ಕೂಗುವವರು ಅನೇಕ ವೇಳೆ ಕಾರಿನ ಬೆನ್ನಿಗೂ ಗೋಡೆಗೂ ನಡುವೆಯೇ ನಿಂತಿರುತ್ತಾರೆ. ಆ ಸ್ಥಳದಲ್ಲಿ ಯಾರೂ, ವಿಶೇಷವಾಗಿ ಮಕ್ಕಳು, ನಿಲ್ಲಕೂಡದು. ಬ್ರೇಕಿನ ಬದಲು ಆಕ್ಸಿಲರೇಟರಿನ ಮೇಲೆ ಕಾಲು ಬೀಳುವುದಕ್ಕೆ ಕ್ಷಣವೊಂದು ಸಾಕು. ದಾರಿ ತೋರಿಸುವವರು ಚಾಲಕನ ಬಲಗನ್ನಡಿಯಲ್ಲಿ ತಮ್ಮ ಮುಖ ಕಾಣುವಂತೆ ಮನೆಯ ಗೋಡೆಯ ಬದಿಗೆ ನಿಂತು, ಕೈಸನ್ನೆಯನ್ನೇ ಮುಖ್ಯವಾಗಿಟ್ಟುಕೊಳ್ಳಬೇಕು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿಯ ಸೆನ್ಸರು ಕಡ್ಡಾಯವಾಗಿರುವುದು ಮಹೋಪಕಾರವೇ ಸರಿ. ಆದರೆ ಶಬ್ದದ ತರಂಗವನ್ನು ಹೊಮ್ಮಿಸಿ ಮರುದನಿಯಿಂದ ದೂರವನ್ನು ಅರಿಯುವ ಆ ಉಪಕರಣವು ಬಂಪರಿನ ಹಿಂದಿರುವುದನ್ನು ಮಾತ್ರ ಹೇಳಬಲ್ಲದು. ಪಕ್ಕದ ಗೋಡೆಯನ್ನೂ, ಗೇಟಿನಿಂದ ಚಾಚಿಕೊಂಡ ಚಿಲಕವನ್ನೂ, ಸಣ್ಣ ಕಂಬಿಯನ್ನೂ ಅದು ಹೇಳದೆ ಹೋಗಬಹುದು.

ಇನ್ನು ಉದ್ದದ ವಿಷಯ. ಪಟ್ಟಿಯು ಹದಿನೆಂಟು ಅಡಿ ಉದ್ದವಿದ್ದು ಕಾರು ಹದಿನೈದು ಅಡಿ ಒಂಬತ್ತು ಅಂಗುಲವಿದ್ದರೆ ಉಳಿಯುವುದು ಎರಡೂಕಾಲು ಅಡಿ. ಐದೈದು ಅಡಿಯ ಎರಡು ರೆಕ್ಕೆಗಳ ಗೇಟು ಒಳಮುಖವಾಗಿ ಮುಚ್ಚಿಕೊಳ್ಳುವುದಕ್ಕೆ ಇದು ಎಲ್ಲಿಯೂ ಸಾಲದು. ಆಗ ಗೇಟನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿಬಿಡುತ್ತಾರೆ. ಅದರೊಡನೆ, ಮನೆಯ ನೆಲಕ್ಕೂ ರಸ್ತೆಗೂ ಇರುವ ವ್ಯತ್ಯಾಸವನ್ನು ಸರಿದೂಗಿಸುವ ಇಳಿಜಾರಿನ ಹಾಸನ್ನು ಕಾಂಪೌಂಡಿನೊಳಗೆ ಕಟ್ಟದೆ ಚರಂಡಿಯ ಮೇಲೂ ಕಾಲುದಾರಿಯ ಮೇಲೂ ಚಾಚಿ ಕಟ್ಟಿಸುತ್ತಾರೆ. ಇದು ತಪ್ಪೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಒಬ್ಬರ ಕಾರಿನ ಎರಡು ಅಡಿಗಳ ಸೌಕರ್ಯಕ್ಕಾಗಿ ಬೀದಿಯ ವೃದ್ಧರೆಲ್ಲ ಕಾಲುದಾರಿಯಿಂದ ಕೆಳಗಿಳಿದು ವಾಹನಗಳ ನಡುವೆ ನಡೆಯಬೇಕಾಗುವುದು ನ್ಯಾಯವಲ್ಲ. ಗೋಡೆಗೆ ಸಮಾನಾಂತರವಾಗಿ ಹಳಿಯ ಮೇಲೆ ಜಾರುವ ಗೇಟು, ಅಥವಾ ಮಡಚಿಕೊಳ್ಳುವ ಗೇಟು, ಇಂಥ ಎಡೆಗಳಿಗೆ ತಕ್ಕ ಪರಿಹಾರ.

ಸಂಪಿನ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಬಹುತೇಕ ಸಂಪುಗಳಿರುವುದು ಕಾರು ನಿಲ್ಲುವ ನೆಲದಡಿಯಲ್ಲಿಯೇ. ಅಂಬಾಸಡರಿನ ತೂಕ ಹೆಚ್ಚು ಕಡಿಮೆ ಒಂದು ಟನ್ನು; ಫಾರ್ಚೂನರಿನದು ಎರಡು ಟನ್ನಿಗೂ ಮಿಕ್ಕಿದ್ದು. ಹಳೆಯ ಚಪ್ಪಡಿಯ ಮೇಲೆ ಹೊಸ ಭಾರವನ್ನು ಹೇರುವ ಮುನ್ನ ಎಂಜಿನಿಯರೊಬ್ಬರಿಗೆ ತೋರಿಸಿ, ಮುಚ್ಚಳದ ಕಬ್ಬಿಣದ ತಗಡು ಎರಡು ಚಕ್ರಗಳ ಜಾಡಿನ ನಡುವೆ ಬರುವಂತೆ ಕಾರನ್ನು ನಿಲ್ಲಿಸುವುದು ಕ್ಷೇಮ. ಕಾವೇರಿ ನೀರು ಬರುವ ದಿನ ಮುಚ್ಚಳವನ್ನು ತೆಗೆದು ನೋಡಬೇಕಾದರೆ ಕಾರನ್ನು ಹೊರಗಿಡಬೇಕಾಗುವುದು ಅನಿವಾರ್ಯ.

ಮುಚ್ಚಿದ ಷೆಡ್ಡೋ ನೆಲಮಾಳಿಗೆಯೋ ಇರುವವರು ಎಂಜಿನ್ನನ್ನು ಚಾಲೂ ಮಾಡಿ ಒಳಗೆ ನಿಲ್ಲಿಸಿಕೊಂಡಿರಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನು ಕೊಂಡೊಯ್ಯುವ ಶಕ್ತಿಯುಂಟು.

ಈಗಾಗಲೇ ದೊಡ್ಡ ಕಾರು ಬಂದುಬಿಟ್ಟಿರುವ ಮನೆಗಳಿಗೆ ಕೆಲವು ಅಗ್ಗದ ಉಪಾಯಗಳಿವೆ. ಸೂರಿನಿಂದ ದಾರದಲ್ಲಿ ಚೆಂಡೊಂದನ್ನು ಇಳಿಬಿಟ್ಟು, ಕಾರು ಸರಿಯಾದ ಜಾಗದಲ್ಲಿದ್ದಾಗ ಅದು ಗಾಜಿಗೆ ತಾಗುವಂತೆ ಕಟ್ಟಿದರೆ ಎಷ್ಟು ದೂರ ಬಂದೆವೆಂಬ ಅನುಮಾನವೇ ಇರುವುದಿಲ್ಲ. ಹಿಂಚಕ್ರಕ್ಕೆ ತಡೆಯಾಗಿ ನಾಲ್ಕು ಅಂಗುಲದ ಸಿಮೆಂಟಿನ ದಿಂಡೊಂದನ್ನು ಕೂರಿಸಬಹುದು. ಎಡಚಕ್ರ ಉರುಳಬೇಕಾದ ಜಾಡನ್ನು ನೆಲದ ಮೇಲೆ ಹಳದಿ ಬಣ್ಣದಲ್ಲಿ ಎಳೆದು, ಬಾಗಿಲು ತಗಲುವ ಎತ್ತರಕ್ಕೆ ಗೋಡೆಯ ಮೇಲೆ ರಬ್ಬರಿನ ಪಟ್ಟಿಯನ್ನು ಬಡಿದರೆ ಬಣ್ಣ ಉಳಿಯುತ್ತದೆ. ಇನ್ನೂ ಕೊಳ್ಳದಿರುವವರಿಗೆ ಒಂದೇ ಮಾತು: ತಯಾರಕರ ಪಟ್ಟಿಯಲ್ಲಿನ ಉದ್ದಗಲಗಳನ್ನು ನೋಡಿಕೊಂಡು, ರಂಗೋಲಿಯ ಪುಡಿಯಿಂದ ಆ ಕಾರಿನ ಆಕಾರವನ್ನು ನಿಮ್ಮ ನೆಲದ ಮೇಲೆಯೇ ಬರೆದು, ಅದರ ಸುತ್ತ ಒಮ್ಮೆ ನಡೆದು ನೋಡಿರಿ. ಟೆಸ್ಟ್ ಡ್ರೈವಿಗೆಂದು ಷೋರೂಮಿನವರು ತರುವ ಕಾರನ್ನು ಹೆದ್ದಾರಿಯಲ್ಲಿ ಓಡಿಸುವುದಕ್ಕಿಂತ ಮೊದಲು ನಿಮ್ಮ ಗೇಟಿನೊಳಗೆ ಸೇರಿಸಿ, ಮನೆಮಂದಿಯನ್ನೆಲ್ಲ ಹತ್ತಿಸಿ ಇಳಿಸಿರಿ. ಜಪಾನಿನಲ್ಲಿ 1962ರಿಂದ ಇರುವ ಕಾನೂನಿನಂತೆ, ಕಾರನ್ನು ಕೊಳ್ಳುವವನು ಅದನ್ನು ನಿಲ್ಲಿಸುವುದಕ್ಕೆ ತನಗೆ ಸ್ಥಳವಿದೆಯೆಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ಪಡೆಯಬೇಕು. ನಮ್ಮಲ್ಲಿ ಕಾನೂನು ಹೇಳದಿದ್ದರೇನು, ಅಳತೆಯ ಟೇಪು ಹೇಳುತ್ತದೆ.

ಹೊಸದಾಗಿ ಮನೆ ಕಟ್ಟಿಸುವವರ ಕೈಯಲ್ಲಿ ಮಾತ್ರ ಇದಕ್ಕಿಂತ ಹೆಚ್ಚಿನ ಅಧಿಕಾರವಿದೆ. ಪ್ಯಾರಿಸಿನ ಬಳಿಯ ಪ್ವಾಸಿಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1931ರಲ್ಲಿ ಕಟ್ಟಿ ಮುಗಿಸಿದ ವಿಲ್ಲಾ ಸವೋಯಿಯ ಕೆಳ ಅಂತಸ್ತಿನ ಗಾಜಿನ ಗೋಡೆಯು ಅರ್ಧವೃತ್ತಾಕಾರವಾಗಿರುವುದು ಕಾರೊಂದು ತಿರುಗುವ ಹಾದಿಗೆ ಅನುಗುಣವಾಗಿಯೇ. ಮೂವತ್ತು-ನಲವತ್ತರಲ್ಲಿ ಅಂಥದ್ದನ್ನು ನಿರೀಕ್ಷಿಸಲಾಗದಿದ್ದರೂ, ಪಾಯದ ಗುರುತು ಹಾಕುವ ದಿನವೇ ಮೇಸ್ತ್ರಿಗೆ ಹೇಳಿ ಪೋರ್ಟಿಕೋದ ಕಂಬವನ್ನು ಚಾಲಕನ ಬಾಗಿಲು ತೆರೆಯುವ ಎಡೆಯಿಂದ ನಾಲ್ಕು ಅಡಿ ಹಿಂದಕ್ಕೋ ಮುಂದಕ್ಕೋ ಸರಿಸಿದರೆ, ಮನೆಯ ಒಂದು ಅಂಗುಲವನ್ನೂ ಕಳೆದುಕೊಳ್ಳದೆ ಆ ಜಾಗದಲ್ಲಿ ಒಂಬತ್ತು ಅಂಗುಲ ಅಧಿಕವಾಗಿ ದೊರೆಯುತ್ತದೆ. ಚಾವಣಿಗೆ ಕಾಂಕ್ರೀಟು ಬಿದ್ದ ಮೇಲೆ ಅದನ್ನು ಯಾವ ಹಣವೂ ತಂದುಕೊಡಲಾರದು.