ಹೈಡ್ರಾಲಿಕ್ ಪೈಪಿನ ಮರುಜೋಡಣೆ: ಅನುಸರಿಸಬೇಕಾದ ಕ್ರಮಗಳು
ಹಾನುಬಾಳು ಭಾಗದ ತೋಟಗಳಲ್ಲಿ ಬಳಸುವ ಟಿಪ್ಪಿಂಗ್ ಟ್ರೈಲರನ್ನು ಕಳಚಿ ಬಿಸಿಲಿನಲ್ಲಿ ಬಿಟ್ಟಾಗ, ಪೈಪಿನೊಳಗೆ ಉಳಿದ ಎಣ್ಣೆಯು ಬಿಸಿಯಾಗಿ ಹಿಗ್ಗಿ ಒತ್ತಡ ಏರುತ್ತದೆ. ಆಗ ಪೈಪು ಮರಳಿ ಕೂಡುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಕಪ್ಲರ್ ಹಾಳಾಗುತ್ತದೆ.

ಕಳಚುವ ಮುನ್ನ: ಇಳಿಜಾರಿನಲ್ಲಿ ನಿಲ್ಲಿಸದೆ, ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಕಲ್ಲು ಅಡ್ಡವಿಟ್ಟು, ತೊಟ್ಟಿಯನ್ನು ಪೂರ್ಣವಾಗಿ ಇಳಿಸಿ, ಎಂಜಿನ್ ನಿಲ್ಲಿಸಬೇಕು. ನಂತರ ಹೈಡ್ರಾಲಿಕ್ ಲಿವರನ್ನು ಎರಡೂ ಕಡೆಗೆ ಹಲವು ಬಾರಿ ಸರಿಸಿ ಒತ್ತಡ ಇಳಿಸಬೇಕು.

ಜೋಡಿಸುವಾಗ: ಎಂಜಿನ್ ನಿಲ್ಲಿಸಿ, ಲಿವರನ್ನು ಹಿಂದಿನಂತೆಯೇ ಸರಿಸಿ, ತುದಿಗಳ ಮಣ್ಣನ್ನು ಒರೆಸಿ, ಬಿಗಿಯಾಗಿ ಕೂರುವವರೆಗೆ ನೇರವಾಗಿ ಒತ್ತಬೇಕು. ಕೂಡದಿದ್ದಲ್ಲಿ ಪೈಪು ತಣಿದ ಮೇಲೆ ಪ್ರಯತ್ನಿಸುವುದು; ಆಗಲೂ ಆಗದಿದ್ದರೆ ಮೆಕ್ಯಾನಿಕ್ ಸಹಾಯ ಪಡೆಯುವುದು.

ಎಚ್ಚರಿಕೆ: ಸೋರಿಕೆಯನ್ನು ಕೈಯಿಂದಲ್ಲ, ರಟ್ಟಿನ ತುಂಡಿನಿಂದ ಪರೀಕ್ಷಿಸಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯೂ ಚರ್ಮದೊಳಗೆ ನುಗ್ಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಎಣ್ಣೆ ಹೊಕ್ಕಿರುವುದನ್ನು ವೈದ್ಯರಿಗೆ ತಿಳಿಸತಕ್ಕದ್ದು.